ಯಡಹಳ್ಳಿಯ ಬಯಲೂ ಕಾಡೇ

ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ: ಕರ್ನಾಟಕದ ಈ ಐದು ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದೂ ಬೆಳಗಾವಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿಲ್ಲ. ಕುದುರೆಮುಖದ ಹುಲ್ಲುಗಾವಲನ್ನು ಬಿಟ್ಟರೆ ಈ ಹೆಸರುಗಳು ನಮ್ಮ ಕಣ್ಣಿಗೆ ತರುವುದು ಮರಗಳನ್ನೇ. ಹೀಗಾಗಿಯೋ ಏನೋ, ನಮ್ಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ ಚಿಂಕಾರ ವನ್ಯಜೀವಿ ಧಾಮದ ಮಾತು ತೆಗೆದಾಗಲೆಲ್ಲ, "ಅಲ್ಲೇನೈತ್ರೀ ನೋಡಾಕ, ಬರೇ ಜಾಲಿಕಂಟಿ" ಎಂಬ ಉತ್ತರವೇ ನನಗೆ ಸಿಗುತ್ತದೆ. ಆ ಜಾಲಿಕಂಟಿಯೇ ಅಲ್ಲಿನ ಸಂಪತ್ತು ಎಂದು ನಾನು ನಂಬಿದ್ದೇನೆ.

ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ, ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಿನ ಕಲ್ಲುಗುಡ್ಡಗಳ ಮೇಲೆ ಸುಮಾರು 96 ಚದರ ಕಿಲೋಮೀಟರ್ ಹರಡಿರುವ ಈ ಧಾಮದ ಕೆಳಗಿನ ಸೀಮೆಯೆಲ್ಲ ಇಂದು ನೀರಾವರಿಯ ಕಬ್ಬು. ವರ್ಷಕ್ಕೆ ಸುಮಾರು 600 ಮಿಲಿಮೀಟರಿನಷ್ಟೇ ಮಳೆ ಕಾಣುವ ಈ ಗುಡ್ಡಗಳ ಮಣ್ಣು ತೆಳುವಾಗಿದ್ದು, ಬಿದ್ದ ನೀರು ಬೇಗ ಹರಿದುಹೋಗುವುದರಿಂದ, ಎತ್ತರದ ಮರಗಳು ಒತ್ತಾಗಿ ಬೆಳೆಯಲು ಇಲ್ಲಿ ಆಸ್ಪದವಿಲ್ಲ. ಜಾಲಿ, ಬಾರಿ, ಕವಳಿಯಂಥ ಮುಳ್ಳಿನ ಕಂಟಿಗಳು ದೂರದೂರ ನಿಂತು, ನಡುವಿನ ಜಾಗವನ್ನು ಹುಲ್ಲಿಗೆ ಬಿಟ್ಟುಕೊಡುತ್ತವೆ. ಈ ತೆರಪನ್ನು ಕಾಡು ಕಡಿದ ಮೇಲೆ ಉಳಿದ ಹಾಳು ಎಂದು ತಿಳಿಯುವುದು ಸರಿಯಲ್ಲ, ಏಕೆಂದರೆ ಇಲ್ಲಿನ ಮಳೆಗೆ ಮತ್ತು ಮಣ್ಣಿಗೆ ಒಪ್ಪುವ ಕಾಡಿನ ರೂಪವೇ ಇದು.

ಈ ರೂಪಕ್ಕೆ ಹೊಂದಿಕೊಂಡ ಜೀವ ಚಿಂಕಾರ ಎಂಬ ಸಣ್ಣ ಹುಲ್ಲೆ. ಹೆಗಲ ಹತ್ತಿರ ಎರಡು ಅಡಿಗಿಂತ ತುಸು ಎತ್ತರ, ಇಪ್ಪತ್ತು ಕಿಲೋಗ್ರಾಮಿನ ಆಸುಪಾಸಿನ ತೂಕ. ಗಂಡಿನ ಕೊಂಬಿನ ಮೇಲೆ ಬಳೆಗಳಂಥ ಉಂಗುರಗಳಿದ್ದರೆ, ಹೆಣ್ಣಿಗೂ ಸಣ್ಣ, ನೆಟ್ಟನೆಯ ಕೊಂಬುಗಳಿರುವುದುಂಟು. ಇದು ತಿನ್ನುವ ಎಲೆ, ಹಣ್ಣುಗಳ ತೇವ ಮತ್ತು ಇಬ್ಬನಿಯಿಂದಲೇ ದಾಹ ತೀರಿಸಿಕೊಂಡು, ನೀರಿನ ಗುಂಡಿಯತ್ತ ಸುಳಿಯದೆ ಬಹಳ ದಿನ ಬದುಕಬಲ್ಲದು. ಕೃಷ್ಣಮೃಗದಂತೆ ದೊಡ್ಡ ಹಿಂಡು ಕಟ್ಟದೆ ಒಂಟಿಯಾಗಿಯೋ ನಾಲ್ಕಾರು ಸಂಖ್ಯೆಯಲ್ಲೋ ತಿರುಗುವ ಈ ಸಂಕೋಚದ ಪ್ರಾಣಿಗೆ ಅಪಾಯವನ್ನು ದೂರದಿಂದಲೇ ಕಂಡು ಓಡುವುದೇ ರಕ್ಷಣೆ. ಜಿಂಕೆ, ಮೊಲಗಳ ಬೆನ್ನಟ್ಟಲು ಮುಧೋಳ ನಾಯಿಯಂಥ ಉದ್ದಗಾಲಿನ ಬೇಟೆನಾಯಿ ಇದೇ ಸೀಮೆಯಲ್ಲಿ ಹೆಸರು ಮಾಡಿತೆಂಬುದನ್ನು ನೆನೆದರೆ, ಈ ನೆಲ ಓಟಗಾರರ ನೆಲವೆಂಬುದು ತಾನೇ ತಿಳಿಯುತ್ತದೆ.

ಬಯಲಿಗೆ ರಾಷ್ಟ್ರೀಯ ಉದ್ಯಾನದ ಯೋಗ್ಯತೆಯಿಲ್ಲ ಎನ್ನುವವರು ಗುಜರಾತಿನ ಭಾವನಗರ ಜಿಲ್ಲೆಯ ವೇಳಾವದರವನ್ನು ನೋಡಬೇಕು. 1976ರಲ್ಲಿ ಸ್ಥಾಪನೆಯಾದ, ನಮ್ಮ ಯಡಹಳ್ಳಿಗಿಂತ ಬಹಳ ಚಿಕ್ಕದಾದ ಆ ಉದ್ಯಾನದ ಹೆಗ್ಗಳಿಕೆ ಹುಲ್ಲೇ. ಆ ಹುಲ್ಲನ್ನು ನಂಬಿ ಕೃಷ್ಣಮೃಗಗಳೂ ತೋಳಗಳೂ ಬದುಕಿವೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಗಿಡುಗಗಳು ಸಂಜೆಯಾದಂತೆ ಅದೇ ಹುಲ್ಲಿನ ನಡುವೆ ನೆಲದ ಮೇಲೆ ರಾತ್ರಿ ತಂಗುತ್ತವೆ.

ಹಾಗೆಂದು ಯಡಹಳ್ಳಿಯನ್ನು ರಾಷ್ಟ್ರೀಯ ಉದ್ಯಾನ ಮಾಡಿರೆಂದು ನಾನು ಕೇಳಲಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ರಾಷ್ಟ್ರೀಯ ಉದ್ಯಾನದೊಳಗೆ ದನಕುರಿಗಳ ಮೇವಿಗೆ ಅವಕಾಶವನ್ನೇ ಕೊಡುವುದಿಲ್ಲ. ವನ್ಯಜೀವಿ ಧಾಮದಲ್ಲಾದರೆ ಅದನ್ನು ನಿಯಂತ್ರಿಸಿ ನಡೆಸಲು ಬರುತ್ತದೆ. ಸುತ್ತಲಿನ ಹಳ್ಳಿಗಳ ಕುರಿಗಾಹಿಗಳನ್ನು ಒಮ್ಮೆಲೇ ಹೊರಗಿಟ್ಟರೆ, ಈ ಗುಡ್ಡವನ್ನು ಬಲ್ಲವರನ್ನೇ ಅದರ ಶತ್ರುಗಳನ್ನಾಗಿ ಮಾಡಿಕೊಂಡಂತಾಗುತ್ತದೆ. ನಾನು ಕೇಳುವುದು ಇಷ್ಟೇ: ಹಸಿರು ಹೆಚ್ಚಿಸುವ ಉತ್ಸಾಹದಲ್ಲಿ ಯಾರೂ ಅಲ್ಲಿ ಸಾಲುಗುಂಡಿ ತೋಡಿ ಸಸಿ ನೆಡಬಾರದು, ಏಕೆಂದರೆ ಮರದ ನೆರಳು ದಟ್ಟವಾದಂತೆ ಹುಲ್ಲು ಸಾಯುತ್ತದೆ, ಚಿಂಕಾರದ ದೂರನೋಟಕ್ಕೂ ಅಡ್ಡಿಯಾಗುತ್ತದೆ. ಮೇವಿನ ಗುಡ್ಡಗಳನ್ನು ಸರದಿಯ ಮೇಲೆ ಬಿಟ್ಟು, ಪ್ರತಿ ವರ್ಷ ಒಂದಿಷ್ಟು ಭಾಗದಲ್ಲಾದರೂ ಹುಲ್ಲು ತೆನೆಗಟ್ಟಿ ಬೀಜ ಉದುರುವವರೆಗೆ ಕುರಿಗಳು ಹೋಗದಂತೆ ಊರವರೊಂದಿಗೆ ಕೂತು ಗೊತ್ತುಮಾಡಬೇಕು.