ಗುಡಿ ನೋಡಲು ಹೋಗಿ ಶಾವಿಗೆ ಒತ್ತಿದೆ
12 ಜನವರಿ 2024, ಶುಕ್ರವಾರ
ಸಿಯಮ್ ರೀಪ್, ಕಾಂಬೋಡಿಯಾ

ನಿನ್ನೆ ಅಂಕೋರ್ ವಾಟ್ ಸುತ್ತಿ ಕಾಲು ಬಿದ್ದುಹೋಗಿತ್ತು. ಗುಡಿಯೂ ದೊಡ್ಡದು, ಜನವೂ ಜಾಸ್ತಿ. ಹಾಗಾಗಿ ಇವತ್ತು ಚಿಕ್ಕ ಗುಡಿ ಸಾಕು ಅಂತ ಬೆಳಿಗ್ಗೆಯೇ ಟುಕ್‌ಟುಕ್ ಹತ್ತಿ ಬಂತೇ ಸ್ರೈ ಎಂಬ ಗುಡಿಗೆ ಹೋದೆ. ದಾರಿಯುದ್ದಕ್ಕೂ ಚಳಿಗಾಳಿ. ಸ್ವೆಟರ್ ರೂಮಿನಲ್ಲೇ ಉಳಿದಿತ್ತು.

967ರಲ್ಲಿ ಪ್ರತಿಷ್ಠೆಯಾದ ಶಿವನ ಗುಡಿ ಇದು. ಕಟ್ಟಿಸಿದ್ದು ರಾಜನಲ್ಲ, ಆಸ್ಥಾನದಲ್ಲಿದ್ದ ಯಜ್ಞವರಾಹ ಎಂಬ ಪಂಡಿತ. ಗರ್ಭಗುಡಿಯ ಬಾಗಿಲು ಒಂದು ಮೀಟರ್‌ಗಿಂತ ಚೂರು ಎತ್ತರ ಅಷ್ಟೇ. ಆದರೆ ಕೆತ್ತನೆ ನೋಡಬೇಕು! ಕೆಂಪು ಮರಳುಗಲ್ಲನ್ನು ಗಂಧದ ಕೊರಡಿನ ಹಾಗೆ ಕೊರೆದಿದ್ದಾರೆ. ರಾವಣ ಕೈಲಾಸ ಅಲುಗಾಡಿಸುವ ಕೆತ್ತನೆ ಮುಂದೆ ತುಂಬಾ ಹೊತ್ತು ನಿಂತೆ. ಇವರ ಕೈಲಾಸ ಮೆಟ್ಟಿಲು ಮೆಟ್ಟಿಲಾಗಿದೆ, ಮೇಲೆ ಪಾರ್ವತಿ ಹೆದರಿ ಶಿವನಿಗೆ ಒರಗಿದ್ದಾಳೆ. ಪಕ್ಕದಲ್ಲಿ ಗೈಡ್ ಒಬ್ಬರು ಪ್ರವಾಸಿಗರಿಗೆ ರಾವಣ ಯಾರು ಅಂತ ವಿವರಿಸುತ್ತಿದ್ದರು. ನನಗೆ ಗೊತ್ತಲ್ವಾ ಅಂತ ಸುಮ್ನೆ ಒಂದು ಜಂಬ.

ವಾಪಸ್ ಬರುವಾಗ ಪ್ರೆಹ ದಾಕ್ ಹಳ್ಳಿಯಲ್ಲಿ ಆ ಜಂಬ ಇಳಿಯಿತು. ಇಲ್ಲಿನ ನುಂ ಬಂಚೊಕ್ ಹೆಸರುವಾಸಿ. ನೋಡಿದರೆ ಥೇಟ್ ನಮ್ಮ ಒತ್ತು ಶಾವಿಗೆ! 'ಇದು ನನಗೆ ಬರುತ್ತೆ' ಅಂತ ಸನ್ನೆ ಮಾಡಿದೆ. ಅಲ್ಲಿದ್ದ ಅಕ್ಕ ನಕ್ಕು ಜಾಗ ಬಿಟ್ಟರು. ನಾವು ಬೇಯಿಸಿದ ಉಂಡೆಯನ್ನು ತಟ್ಟೆಗೆ ಒತ್ತುತ್ತೇವೆ. ಇವರು ಹುಳಿ ಬರಿಸಿದ ಅಕ್ಕಿಯ ಹಿಟ್ಟನ್ನು ಸೀದಾ ಕುದಿಯುವ ನೀರಿಗೇ ಒತ್ತುತ್ತಾರೆ, ಆಮೇಲೆ ತಣ್ಣೀರಿನಲ್ಲಿ ತೊಳೆದು ಸಿಂಬಿ ಸುತ್ತುತ್ತಾರೆ. ಒತ್ತುವ ಮರದ ಸನ್ನೆಕೋಲಿಗೆ ಪೂರ್ತಿ ಜೋತುಬಿದ್ದೆ. ನನ್ನ ಎಳೆಗಳು ತುಂಡು ತುಂಡಾಗಿ ನೀರಿನಲ್ಲಿ ಎರೆಹುಳದ ಹಾಗೆ ತೇಲಿದವು. ಅವರ ಎಳೆ ನೂಲಿನಂತಿತ್ತು.

ಮೇಲೆ ಹಾಕುವ ಸಾರಿಗೆ ಮೀನು, ಕಾಯಿಹಾಲು, ಮಜ್ಜಿಗೆಹುಲ್ಲು, ಅರಿಶಿನ. ಹಸಿ ಬಾಳೆಹೂವು, ಸೌತೆಕಾಯಿ ಹೆಚ್ಚಿ ಉದುರಿಸುತ್ತಾರೆ. ಜೊತೆಗೆ ಪ್ರಹೋಕ್, ಅಂದರೆ ಉಪ್ಪು ಹಾಕಿ ಹುಳಿ ಬರಿಸಿದ ಮೀನು. ಅದರ ವಾಸನೆಗೆ ಮೊದಲು ಹಿಂದೆ ಸರಿದೆ, ಸುಳ್ಳು ಯಾಕೆ ಹೇಳಲಿ. ನಾಲ್ಕನೇ ತುತ್ತಿಗೆ ಮರೆತೇಹೋಯಿತು. ಎರಡನೇ ಬಟ್ಟಲೂ ಖಾಲಿ.

ರಾತ್ರಿ ಅಮ್ಮನಿಗೆ ಎಲ್ಲ ಫೋಟೊ ಕಳಿಸಿದೆ. ಸಾವಿರ ವರ್ಷದ ಗುಡಿ ಬಗ್ಗೆ ಒಂದು ಮಾತಿಲ್ಲ.

"ಎಳೆ ಇಷ್ಟು ಸಣ್ಣ ಬಂದಿದೆಯಲ್ಲೇ, ಅಕ್ಕಿ ಎಷ್ಟು ದಿನ ನೆನೆಸ್ತಾರಂತೆ?"

ಕೇಳಿಕೊಂಡು ಬಂದಿರಲಿಲ್ಲ.