ಅಜ್ಜ ಹೊಲಿದ ಹುಡ್

ಇವತ್ತು ನನ್ನ ಹಳೇ ಸ್ಯಾನ್ ಸ್ಟಾರ್ಮ್‌ಗೆ ಹೊಸ ಹುಡ್ ಬಂತು. ಎರಡೇ ಸೀಟಿನ, ಫೈಬರ್ ಬಾಡಿಯ ಓಪನ್ ಕಾರು. 1149 ಸಿಸಿ ರೆನೋ ಎಂಜಿನ್ ಈಗಲೂ ಗಟ್ಟಿ. ಮೇಲಿನ ಬಟ್ಟೆ ಮಾತ್ರ ವಯಸ್ಸಾಗಿ ಹರಿದಿತ್ತು.

ದಾವಣಗೆರೆಯಲ್ಲಿ ಆಟೋ ಹುಡ್ ಹೊಲಿಯುವ ಅಜ್ಜ ಒಪ್ಪಿಕೊಂಡರು. ಹಳೇ ಹೊಲಿಗೆ ಒಂದೊಂದೇ ಬಿಚ್ಚಿ, ಬಟ್ಟೆಯನ್ನು ನೆಲಕ್ಕೆ ಹರಡಿ, ಅದನ್ನೇ ಅಳತೆಗೆ ಇಟ್ಟುಕೊಂಡರು.

"ಹತ್ತಿ ದಾರ ನೆನೆದ್ರೆ ಉಬ್ಬುತ್ತೆ ತಮ್ಮಾ, ಸೂಜಿ ತೂತು ತಾನೇ ಮುಚ್ಚುತ್ತೆ. ಆದ್ರೆ ಬೇಗ ಕೊಳೆಯುತ್ತೆ. ಪಾಲಿಯೆಸ್ಟರ್ ಬಾಳಿಕೆ ಬರುತ್ತೆ, ತೂತು ಹಾಗೇ ಇರುತ್ತೆ."

ಪಾಲಿಯೆಸ್ಟರಲ್ಲೇ ಹೊಲಿದು, ಒಳಗಿಂದ ಪ್ರತಿ ಹೊಲಿಗೆಗೂ ಪಟ್ಟಿ ಅಂಟಿಸಿದರು.

ಹತ್ತಿ ಗಿರಣಿಗಳ ಊರಲ್ಲೇ ಬೆಳೆದವನು ನಾನು. ದಾರದ ಬಗ್ಗೆ ಇಷ್ಟು ಯೋಚಿಸಿಯೇ ಇರಲಿಲ್ಲ, ನೋಡಿ.

ಸಂಜೆ ಎರಡು ಬಕೆಟ್ ನೀರು ಸುರಿದೆವು. ಅಜ್ಜ ಒಳಗೆ ಕೈ ಹಾಕಿ ಸೀಟು ಮುಟ್ಟಿ ನೋಡಿದರು. ಒಣಗೇ ಇತ್ತು. ಇನ್ನೊಂದು ಸಲ ಮುಟ್ಟಿದರು.