ಮೊಣಕೈ ಇಳಿಸ್ಬೇಡ
ತುಮಕೂರಿನ ನಮ್ಮ ಜಿಮ್‌ನಲ್ಲಿ ಇವತ್ತು ಫ್ರಂಟ್ ಸ್ಕ್ವಾಟ್, ಅಂದ್ರೆ ರಾಡನ್ನು ಎದೆಯ ಮುಂದೆ ಹೊತ್ತು ಕುಕ್ಕರಗಾಲಲ್ಲಿ ಕೂತು ಏಳೋದು. ಬರೀ ರಾಡು, 20 ಕೆಜಿ, ಅಷ್ಟಕ್ಕೇ ಬೆವರಿಳಿಯಿತು. ಇಷ್ಟು ದಿನ ಭಾರವನ್ನೆಲ್ಲ ಕೈಯಲ್ಲೇ ಹಿಡಿದು ಮಣಿಕಟ್ಟು ನೋಯಿಸಿಕೊಂಡಿದ್ದೆ. "ಕೈಯಲ್ಲಿ ಹೊರಬೇಡ, ಭುಜದ ಮೇಲೆ ಕೂರಿಸು" ಅಂದರು ಕೋಚ್ ಅಣ್ಣ. ರಾಡು ಭುಜದ ಮುಂಭಾಗದಲ್ಲಿ, ಗಂಟಲಿಗೆ ಹತ್ತಿರವಾಗಿ ಕೂರಬೇಕು. ಎರಡು ಮೂರು ಬೆರಳು ಸುಮ್ನೆ ಕೊಕ್ಕೆ ಥರ. ಮೊಣಕೈ ಮುಂದಕ್ಕೆ, ಮೇಲಕ್ಕೆ. ಏಳುವಾಗ ಅದು ಇಳಿಯಿತೋ, ಬೆನ್ನು ಬಾಗುತ್ತದೆ, ರಾಡು ಮುಂದಕ್ಕೆ ಜಾರುತ್ತದೆ.

ಹಿಮ್ಮಡಿಯೂ ನೆಲ ಬಿಡಬಾರದಂತೆ. ನನ್ನದು ಪ್ರತಿ ಸಲ ಎದ್ದೇಳುತ್ತಿತ್ತು. ಊರಲ್ಲಿ ಅಜ್ಜಿ ಕುಕ್ಕರಗಾಲಲ್ಲಿ ಕೂತು ಗಂಟೆಗಟ್ಟಲೆ ಹುಣಸೆಹಣ್ಣು ಕುಟ್ಟುತ್ತಿದ್ದರು, ಹಿಮ್ಮಡಿ ನೆಲಕ್ಕೆ ಅಂಟಿಸಿದ ಹಾಗೆ. ನಾನು ಅದನ್ನೇ ದುಡ್ಡು ಕಟ್ಟಿ ಕಲಿಯುತ್ತಿದ್ದೇನೆ, ಅಲ್ವಾ!

ಸದ್ಯಕ್ಕೆ ಮೆಟ್ಟಿಲು ಇಳಿಯಲು ಆಗುತ್ತಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಯಾರಾದರೂ ಗಾಡಿಯಲ್ಲಿ ಕರ್ಕೊಂಡು ಹೋಗ್ರಪ್ಪ.